ಅರ್ಧ ನೀರು

ಗೋಣಿಬೀಡಿನ ಶಶಿಧರನ ಎದುರು ನಾಗಶ್ರೀಯ ಮಾತೆತ್ತಿ ನೋಡಿ, ಕೈಯೆತ್ತಿ ಮುಗಿಯುತ್ತಾನೆ. ಅಬ್ಬಾ, ಇದೇ ಮನುಷ್ಯ ಹೋದ ವರ್ಷದವರೆಗೂ ಆ ಹೆಸರು ಕೇಳಿದರೆ ಉರಿದು ಬೀಳುತ್ತಿದ್ದ!

ಪ್ರಾಯದಲ್ಲಿ ಅವಳೆಂದರೆ ಅವನಿಗೆ ಪ್ರಾಣ. ಮನೆಯವರ ಕೈಲಿ ಹೇಳಿಕಳಿಸುವಷ್ಟು ತಾಳ್ಮೆಯಿಲ್ಲದೆ ಬಸ್‌ಸ್ಟಾಪಿನಲ್ಲಿ ತಾನೇ ಕೇಳಿಬಿಟ್ಟ. ಅವಳು ಕಣ್ಣು ತಪ್ಪಿಸಲಿಲ್ಲ. "ನಂಗೆ ಮನಸ್ಸಿಲ್ಲ. ಕಾಯ್ಬೇಡಿ," ಎಂದಳು. ಬಸ್ಸು ಬಂತು, ಹತ್ತಿ ಹೋದಳು. ಮಾರನೇ ವರ್ಷ ವಿಶ್ವನಾಥನನ್ನು ಮದುವೆಯಾಗಿ ಶಶಿಧರನ ಬೇಲಿಯಾಚೆಗಿನ ತೋಟಕ್ಕೇ ಬಂದಳು. ಹಣೆಬರಹ ನೋಡಿ! ದಿನಾ ಅವಳ ದನಿ ಕೇಳಿಕೊಂಡೇ ಇವನು ಬೆಳಗಿನ ಕಾಫಿ ಕುಡಿಯಬೇಕು. ಪ್ರೀತಿ ಹುಳಿಯಾಯಿತು. ಮದುವೆಯ ಮಾತನ್ನೇ ದೂರವಿಟ್ಟ. ಉಳಿದದ್ದು ಒಂದೇ ಆಸೆ: ಒಂದು ದಿನ ಅವಳು ನನ್ನ ಅಂಗಳಕ್ಕೆ ಬಂದು ಕೈಚಾಚಬೇಕು, ಆಗ ತೋರಿಸುತ್ತೇನೆ.

ಆ ದಿನವೂ ಬಂತು. ಹೋದ ವರ್ಷ ಕಾಫಿ ಅರಳಿಸುವ ಹೂಮಳೆ ಕೈಕೊಟ್ಟಿತು. ರೊಬಸ್ಟಾ ಗಿಡದ ಮೊಗ್ಗು ಬಲಿತು ನೀರಿಗೆ ಬಾಯಿಬಿಡುತ್ತಿತ್ತು. ವಿಶ್ವನಾಥನ ಕೆರೆ ಒಣಗಿತ್ತು. ಅವನೋ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಹೂವಾಗದಿದ್ದರೆ ಫಸಲೇ ಇಲ್ಲ. ನಾಗಶ್ರೀ ಬಂದು ಅಂಗಳದಲ್ಲಿ ನಿಂತಳು.

"ನಿಮ್ಮ ಕೆರೆ ನೀರು ಒಂದ್ಸಲ ಕೊಡ್ತೀರಾ?"

"ಅದಕ್ಕೇನಂತೆ, ಸಂಜೆಗೇ ಪೈಪ್ ಎಳೀತೀನಿ," ಎಂದ ಶಶಿಧರ, ಬೆಣ್ಣೆಯಂಥ ದನಿಯಲ್ಲಿ.

ಇಲ್ಲ ಎಂದಿದ್ದರೆ ಊರೇ ಉಗಿಯುತ್ತಿತ್ತು. ಅವನ ಲೆಕ್ಕವೇ ಬೇರೆ. ಅರ್ಧ ಹೊತ್ತು ಸ್ಪ್ರಿಂಕ್ಲರ್ ಓಡಿಸಿ, ಪಂಪಿನ ಇಂಜಿನ್ ಕೆಟ್ಟಿತು ಎನ್ನುವುದು. ಒಣ ಮೊಗ್ಗಾದರೆ ಇನ್ನೊಂದು ಮಳೆಗೆ ಕಾದೀತು. ಅರ್ಧ ನೀರು ಬಿದ್ದ ಮೊಗ್ಗು ಉಬ್ಬಿ, ಅರಳಲಾರದೆ ಕರಟಿಹೋಗುತ್ತದೆ.

ಸಂಜೆ ಸ್ಪ್ರಿಂಕ್ಲರ್ ತಿರುಗತೊಡಗಿತು. ನೆಲದ ಮೇಲ್ಪದರ ನೆನೆಯುತ್ತಲೇ ಶಶಿಧರ ಇಂಜಿನ್ ನಿಲ್ಲಿಸಲು ಕೈಹಾಕಿದ. ನಾಗಶ್ರೀ ಅಲ್ಲೇ ನಿಂತಿದ್ದಳು. ಅವಳೂ ಕಾಫಿ ತೋಟದ ಮನೆಯ ಮಗಳೇ, ತಿಳಿಯದೆ ಇರುತ್ತದೆಯೇ?

"ಕೊಡಕ್ಕೆ ಮನಸ್ಸಿಲ್ಲದಿದ್ರೆ ಬೆಳಿಗ್ಗೆನೇ ಇಲ್ಲ ಅನ್ಬೇಕಿತ್ತು. ಅವತ್ತು ನಾನು ನಿಮಗೆ ಅರ್ಧ ಆಸೆ ಕೊಟ್ಟು ಆಟ ಆಡ್ಸಿದ್ನಾ?"

ಕಪಾಳಕ್ಕೆ ಬಿದ್ದ ಹಾಗಾಯಿತು. ನಿಜ ತಾನೇ! ಕಾಯಬೇಡಿ ಎಂದವಳು ಅವಳು. ಕಾದು ಕಾದು ಕಹಿಯಾದವನು ತಾನು. ನಾಚಿಕೆಯಿಂದ ಸತ್ತೇಹೋದ. ಇಂಜಿನ್ನಿಗೆ ಇನ್ನಷ್ಟು ಡೀಸೆಲ್ ಸುರಿದ. ಗಿಡದ ಬುಡವೆಲ್ಲ ಕೆಸರಾಗುವವರೆಗೂ ತಾನೇ ಪೈಪು ಹೊತ್ತು ಬದಲಿಸಿದ.

ವಾರ ಕಳೆದು ಅವಳ ತೋಟ ಬೆಳ್ಳಗೆ ಅರಳಿತು. ಹೂವಿನ ಘಮ ಬೇಲಿ ದಾಟಿ ಅವನ ಅಡುಗೆಮನೆಗೂ ಬಂತು. ಶಶಿಧರ ಬೇಲಿಯ ಬಳಿ ಹೋಗಿ ಅವಳನ್ನು ಕರೆದ.

"ಅವತ್ತು ಬಸ್‌ಸ್ಟಾಪಲ್ಲಿ ನೇರವಾಗಿ ಹೇಳಿದ್ರಲ್ಲ, ದೊಡ್ಡ ಉಪಕಾರ ಮಾಡಿದ್ರಿ."

"ಈಗ ಗೊತ್ತಾಯ್ತಾ ಮಾರಾಯ್ರೇ!" ನಾಗಶ್ರೀ ನಕ್ಕಳು. "ಒಳಗೆ ಬನ್ನಿ, ಇವ್ರಿಗೆ ಮಲಗಿ ಮಲಗಿ ಬೇಜಾರಾಗಿದೆ."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಶಶಿಧರ ಆ ಮನೆಯ ಮೆಟ್ಟಿಲು ಹತ್ತಿದ. ವಿಶ್ವನಾಥನ ಪಕ್ಕ ಕೂತು ಅವಳು ಕೊಟ್ಟ ಕಾಫಿ ಕುಡಿದ. ಸಕ್ಕರೆ ಜಾಸ್ತಿಯಾಗಿತ್ತು, ಹೇಳಲಿಲ್ಲ.