ಅಳತೆಗೋಲು ಕೂತ ಸೀಟು

ನಮ್ಮ ಊರಿನ ಅಂಚಿನಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡೊಂದಿದೆ. ಬರಿಯ ಎಲುಬಿನ ಗೂಡಿನಂತೆ ಬಂದ ಚಾಸಿ, ಅಲ್ಲಿಂದ ಗಾಜು ಹಾಕಿಸಿಕೊಂಡು, ಬಣ್ಣ ಬಳಿಸಿಕೊಂಡು ಹೊರಬೀಳುತ್ತದೆ. ಅಲ್ಲಿ ಬೆಸುಗೆ ಕೆಲಸ ಮಾಡುತ್ತಿದ್ದ ನಮ್ಮ ಬೀದಿಯವರೊಬ್ಬರನ್ನು ಎಲ್ಲರೂ ಅಳತೆಗೋಲು ಎಂದೇ ಕರೆಯುತ್ತಿದ್ದರು. ಮೊದಮೊದಲು ತಮಾಷೆಗೆ ಇಟ್ಟ ಹೆಸರು. ಕಡೆಕಡೆಗೆ ಅವರ ನಿಜವಾದ ಹೆಸರನ್ನು ಹೆಂಡತಿಯೂ ಮರೆತಂತಿತ್ತು.

ಆ ಹೆಸರಿಗೆ ಕಾರಣವಿತ್ತು. ಸ್ಟೀರಿಂಗು, ಪೆಡಲು ಚಾಸಿಯ ಜೊತೆಗೇ ಬರುತ್ತವೆ. ಡ್ರೈವರನ ಸೀಟು ಎಷ್ಟು ಹಿಂದೆ, ಎಷ್ಟು ಎತ್ತರದಲ್ಲಿರಬೇಕು ಎಂಬುದು ಮಾತ್ರ ಶೆಡ್ಡಿಗೆ ಬಿಟ್ಟದ್ದು. ಆ ಘಳಿಗೆ ಬಂದಾಗ ಮೇಸ್ತ್ರಿ, "ಕರೀರೋ ನಮ್ಮ ಅಳತೆಗೋಲನ್ನ!" ಎಂದು ಕೂಗುತ್ತಿದ್ದರು. ಇವರು ಕೈ ಒರೆಸಿಕೊಂಡು ಬಂದು, ಮರದ ಪೆಟ್ಟಿಗೆಯ ಮೇಲೆ ಕುಳಿತು, ಕ್ಲಚ್ಚಿಗೆ ಕಾಲು ಚಾಚಿ, ಸ್ಟೀರಿಂಗು ಹಿಡಿಯುತ್ತಿದ್ದರು. ಮೇಸ್ತ್ರಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಆ ಗೆರೆಯ ಮೇಲೆ ತೂತು ಕೊರೆದು ಬೋಲ್ಟು ಬಿಗಿದರೆ ಮುಗಿಯಿತು. ಆ ಸೀಟು ಮತ್ತೆ ಮಿಸುಕುವಂತಿಲ್ಲ. ಉದ್ದ ಕಾಲು, ನೀಳ ತೋಳು, ನೆಟ್ಟಗಿನ ಬೆನ್ನು ಅವರದು. "ಈ ಊರಿನ ಡ್ರೈವರುಗಳೆಲ್ಲ ನನ್ನ ಮೈ ಮೇಲೇ ಕೂತು ಓಡಾಡ್ತಾರೆ ಮೇಷ್ಟ್ರೇ," ಎಂದು ನನ್ನೊಡನೆ ಹೇಳಿಕೊಂಡು ನಗುತ್ತಿದ್ದರು. ಆ ನಗುವಿನಲ್ಲಿ ಸ್ವಲ್ಪ ಜಂಬವೂ ಇತ್ತು. ಇರಲಿ, ಬೇರೆ ಯಾವುದಕ್ಕೆ ಜಂಬಪಡಲು ಅವರಿಗೆ ಅವಕಾಶವಿತ್ತು?

ಅವರ ಒಬ್ಬಳೇ ಮಗಳು ಪುಟ್ಟಿ ನನ್ನ ಶಾಲೆಯಲ್ಲಿ ಓದಿದವಳು. ತಾಯಿಯಂತೆ ಗಿಡ್ಡ. ಬೆಂಚಿನ ಮೇಲೆ ಕುಳಿತರೆ ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಲು ಜೋಮು ಹಿಡಿದು, ಅವಳ ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿಯುತ್ತಿದ್ದವು. ಒಂದು ದಿನ ತಂದೆ ಹಲಗೆ, ಸುತ್ತಿಗೆ ಹಿಡಿದು ತರಗತಿಗೇ ಬಂದರು. ಬೆಂಚಿನ ಅಡಿಯಲ್ಲಿ ಕಾಲಿಡಲು ಹಲಗೆ ಹೊಡೆದು, "ಕಾಲಿಗೆ ನೆಲ ಸಿಕ್ಕಿದ್ರೆ ಕೈ ತಾನಾಗೇ ನೆಟ್ಟಗಾಗುತ್ತೆ," ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಆಮೇಲೆ ಆ ಬೆಂಚಿಗಾಗಿ ಚಿಕ್ಕ ಮಕ್ಕಳೆಲ್ಲ ಜಗಳವಾಡುತ್ತಿದ್ದರು.

ಬೆಂಚಿನ ವಿಷಯದಲ್ಲಿ ಹೊಳೆದದ್ದು ಬಸ್ಸಿನ ವಿಷಯದಲ್ಲಿ ಅವರಿಗೆ ಹೊಳೆಯಲಿಲ್ಲ.

ಪುಟ್ಟಿಗೆ ಚಿಕ್ಕಂದಿನಿಂದ ಒಂದೇ ಆಸೆ, ಬಸ್ಸು ಓಡಿಸಬೇಕು. ಅರ್ಧ ಕಟ್ಟಿದ ಬಸ್ಸುಗಳಲ್ಲಿ ಅಪ್ಪನ ಹಿಂದೆ ನಿಂತು ಬಾಯಲ್ಲೇ ಹಾರನ್ನಿನ ಸದ್ದು ಮಾಡಿದ ಹುಡುಗಿ ಅವಳು. ಬೆಳೆದು, ಕೆಲವು ವರ್ಷ ಶಾಲೆಯ ವ್ಯಾನು ಓಡಿಸಿದಳು. ಬಳಿಕ ಡಿಪೋದಲ್ಲಿ ಹೆಂಗಸರನ್ನೂ ಡ್ರೈವರ್ ಕೆಲಸಕ್ಕೆ ತೆಗೆದುಕೊಳ್ಳಲು ಆರಂಭಿಸಿದಾಗ ಇವಳಿಗೂ ಕೆಲಸ ಸಿಕ್ಕಿತು. ಆದರೆ ಮೊದಲ ವರ್ಷ ಪರೀಕ್ಷೆಯ ಕಾಲ. ಒಂದು ದೂರೂ ಬರದಿದ್ದರೆ ಮಾತ್ರ ಕೆಲಸ ಕಾಯಂ.

ಒಂದು ಸಂಜೆ ನಾನು ಅವರ ಮನೆಯಲ್ಲಿ ಕುಳಿತಿದ್ದೆ. ಪುಟ್ಟಿ ಬಂದವಳೇ ಗೋಡೆಗೆ ಬೆನ್ನು ಒತ್ತಿ ಕುಸಿದು ಕುಳಿತಳು.

"ಅಪ್ಪಾ, ಕ್ಲಚ್ಚು ಪೂರ್ತಿ ಒತ್ಬೇಕಂದ್ರೆ ಸೀಟಿನ ತುದಿಗೆ ಜಾರ್ಬೇಕು. ತುದಿಗೆ ಜಾರಿದ್ರೆ ಬೆನ್ನಿಗೆ ಏನೂ ಆಸರೆ ಇಲ್ಲ."

"ಹೊಸದ್ರಲ್ಲಿ ಹಾಗೇ ಕಣೇ. ಪಳಗಿದ ಮೇಲೆ ಸರಿ ಹೋಗುತ್ತೆ."

"ಪಳಗಿದ್ರೆ ಕಾಲು ಉದ್ದ ಆಗುತ್ತಾ?"

ಒಳಗಿನಿಂದ ತಾಯಿಯ ದನಿ ಬಂತು: "ಯಾರ ಹತ್ರ ಹೇಳ್ತಿದೀಯೇ? ಈ ಅಡುಗೆ ಕಟ್ಟೆ ಕಟ್ಟಿದ್ದೂ ನಿಮ್ಮಪ್ಪನ ಸೊಂಟದ ಅಳತೆಗೇ. ಮದುವೆ ಆದಾಗ್ಲಿಂದ ನಾನು ಮಣೆ ಹತ್ತಿ ಅಡುಗೆ ಮಾಡ್ತಿದೀನಿ. ಇವರ ಕಣ್ಣಿಗೆ ಬಿದ್ದಿದೆಯಾ ಕೇಳು!"

ಅಳತೆಗೋಲು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮಣೆಯ ನಡುಭಾಗ ಪಾದದ ಗುರುತು ಬಿದ್ದು ಸವೆದಿತ್ತು.

ರಜೆಯ ದಿನ ಅವರು ಡಿಪೋಗೆ ಹೋಗಿ, ನಿಂತಿದ್ದ ಬಸ್ಸಿನಲ್ಲಿ ಮಗಳನ್ನು ಕೂರಿಸಿ ನೋಡಿದರು. ಅವಳ ಬೆನ್ನ ಹಿಂದೆ ಹಳೆಯ ದಿಂಬು. ಕ್ಲಚ್ಚು ಒತ್ತುವಾಗ ಅವಳ ಇಡೀ ಮೈ ಓರೆಯಾಗಿ, ಹೆಬ್ಬೆರಳ ತುದಿಯಷ್ಟೇ ಪೆಡಲಿಗೆ ತಾಗುತ್ತಿತ್ತು. ಮೈ ಓರೆಯಾದಾಗ ಎಡಗಡೆಯ ಕನ್ನಡಿ ಅವಳ ಕಣ್ಣಿಗೆ ತಪ್ಪುತ್ತಿತ್ತು. ಅವರು ಬಗ್ಗಿ ಸೀಟಿನ ಬೋಲ್ಟುಗಳನ್ನು ಮುಟ್ಟಿ ನೋಡಿದರು. ತಾವೇ ಕುಳಿತು ಗೆರೆ ಹಾಕಿಸಿದ ಸೀಟು. "ಆ ಹೊತ್ತು ನನ್ನ ಕಾಲನ್ನೇ ಕತ್ತರಿಸಿ ಹಾಕೋಣ ಅನ್ನಿಸಿತು ಮೇಷ್ಟ್ರೇ," ಎಂದು ಬಹಳ ದಿನಗಳ ಮೇಲೆ ನನಗೆ ಹೇಳಿದರು.

ಮರುದಿನವೇ ಮೇಸ್ತ್ರಿಯನ್ನು ಕೇಳಿಕೊಂಡರು: ಇನ್ನು ಮುಂದೆ ಹಿಂದೆಮುಂದೆ ಸರಿಯುವ ಸೀಟು ಹಾಕೋಣ, ಗಿಡ್ಡ ಇರುವವರನ್ನೂ ಕೂರಿಸಿ ಅಳತೆ ನೋಡೋಣ.

"ಇದೇನು ದರ್ಜಿ ಅಂಗಡಿನಾ, ಒಬ್ಬೊಬ್ಬರಿಗೆ ಒಂದೊಂದು ಅಳತೆ ಹಿಡಿಯೋಕೆ?" ಎಂದರು ಮೇಸ್ತ್ರಿ. "ಬಸ್ಸು ಕಟ್ಸೋರು ಕೇಳ್ತಾ ಇಲ್ಲ, ಓಡ್ಸೋರು ಕೇಳ್ತಾ ಇಲ್ಲ. ನಿನಗ್ಯಾಕಯ್ಯಾ ತಲೆನೋವು?"

"ಓಡ್ಸೋಳು ಕೇಳ್ತಿದಾಳೆ," ಎಂದರು ಇವರು. ಮೇಸ್ತ್ರಿ ಆಗಲೇ ಬೇರೆ ಕಡೆ ತಿರುಗಿದ್ದರು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಗುಜರಿಯಲ್ಲಿ ಬಿದ್ದಿದ್ದ ಕಾರೊಂದರಿಂದ ಸೀಟು ಹಿಂದೆಮುಂದೆ ಜಾರುವ ಕಂಬಿಗಳನ್ನು ತಂದು, ಬಸ್ಸು ರಿಪೇರಿಗೆ ನಿಂತಿದ್ದ ದಿನ ಡಿಪೋದ ಮೆಕ್ಯಾನಿಕ್ಕನನ್ನು ಒಪ್ಪಿಸಿ, ಮಗಳ ಸೀಟನ್ನು ಬಿಚ್ಚಿ ಆ ಕಂಬಿಗಳ ಮೇಲೆ ಕೂರಿಸಿದರು. ಸೀಟನ್ನು ಬೇಕಾದಲ್ಲಿ ಹಿಡಿದು ನಿಲ್ಲಿಸಲು ಒಂದು ಪಿನ್ನು. ಮಗಳನ್ನು ಕೂರಿಸಿ, "ಬ್ರೇಕು ಒತ್ತು. ಇನ್ನೂ ಜೋರಾಗಿ ಒತ್ತು," ಎಂದರು. ಪಿನ್ನು ಅಲುಗಲಿಲ್ಲ. ಪುಟ್ಟಿಯ ಬೆನ್ನು ಸೀಟಿಗೆ ಒರಗಿತ್ತು, ಪಾದ ಪೂರ್ತಿ ಪೆಡಲಿನ ಮೇಲಿತ್ತು.

ಆ ಕೆಲವು ವಾರ ನಾನು ಅವಳ ಬಸ್ಸಿನಲ್ಲೇ ಪೇಟೆಗೆ ಹೋಗುತ್ತಿದ್ದೆ. ತಿರುವುಗಳಲ್ಲಿ ಬಸ್ಸು ಎಷ್ಟು ನಯವಾಗಿ ಹೊರಳುತ್ತಿತ್ತೆಂದರೆ, ನಿಂತವರು ಕಂಬಿ ಹಿಡಿಯುವುದನ್ನು ಮರೆಯುತ್ತಿದ್ದರು. "ಮೇಷ್ಟ್ರೇ, ಈಗ ಅಕ್ಷರ ನೆಟ್ಟಗಿದೆಯಾ?" ಎಂದು ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದ್ದಳು.

ಪುಟ್ಟಿಗೆ ಜ್ವರ ಬಂದ ದಿನ ಆ ಬಸ್ಸನ್ನು ದೊಡ್ಡಣ್ಣ ತೆಗೆದುಕೊಂಡು ಹೋದರು. ಡಿಪೋದ ಹಿರಿಯ ಡ್ರೈವರು. ಹೆಸರಿಗೆ ತಕ್ಕ ಮೈ. ಸೀಟು ಸರಿಯುವುದನ್ನು ಕಂಡು ಖುಷಿಯಾಗಿ, ಹಿಂದಕ್ಕೆ ತಳ್ಳಿಕೊಂಡು ಕುಳಿತರು. ಪೇಟೆಯ ತಿರುವಿನಲ್ಲಿ ಸೈಕಲೊಂದು ಅಡ್ಡ ಬಂತು. ದೊಡ್ಡಣ್ಣ ಬೆನ್ನನ್ನು ಸೀಟಿಗೆ ಒತ್ತಿ, ಇಡೀ ಭಾರ ಹಾಕಿ ಬ್ರೇಕು ತುಳಿದರು. ಕಾರಿನ ಸೀಟಿಗೆಂದು ಮಾಡಿದ ಕಂಬಿ, ಮಗಳ ಭಾರಕ್ಕೆ ಪರೀಕ್ಷಿಸಿದ ಪಿನ್ನು. ಪಿನ್ನು ಕಿತ್ತು ಸೀಟು ಹಿಂದಕ್ಕೆ ಜಾರಿತು, ಬ್ರೇಕಿನಿಂದ ಕಾಲು ತಪ್ಪಿತು, ಬಸ್ಸು ದೀಪದ ಕಂಬಕ್ಕೆ ಗುದ್ದಿತು. ಸೈಕಲಿನವನು ಬದುಕಿದ. ದೊಡ್ಡಣ್ಣನ ಭುಜ ಮುರಿಯಿತು, ಮುಂದೆ ಕುಳಿತಿದ್ದ ಹೆಂಗಸಿನ ಹಣೆ ಒಡೆಯಿತು.

ಅಳತೆಗೋಲು ಆಸ್ಪತ್ರೆಗೆ ಹೋಗಿ ದೊಡ್ಡಣ್ಣನ ಮಂಚದ ಪಕ್ಕ ತಲೆ ತಗ್ಗಿಸಿ ನಿಂತರು.

"ಸೀಟು ಚೆನ್ನಾಗಿತ್ತು ಕಣಯ್ಯಾ," ಎಂದರು ದೊಡ್ಡಣ್ಣ. "ಇಷ್ಟು ವರ್ಷದಲ್ಲಿ ಅವತ್ತೊಂದಿನ ನನ್ನ ಹೊಟ್ಟೆ ಸ್ಟೀರಿಂಗಿಗೆ ತಾಗಲಿಲ್ಲ. ಆದ್ರೆ ನನ್ನಂಥೋನೂ ಅಲ್ಲಿ ಕೂರ್ತಾನೆ ಅಂತ ನಿನಗೆ ನೆನಪಾಗಲಿಲ್ವಾ?"

ಅಳತೆಗೋಲನ್ನು ಅಂದಿನಿಂದಲೂ ಕೊರೆಯುತ್ತಿರುವುದು ಆ ಮಾತು. "ಮೊದಲು ನನ್ನೊಬ್ಬನಿಗೆ ಮಾಡಿದೆ, ಆಮೇಲೆ ಅವಳೊಬ್ಬಳಿಗೆ ಮಾಡಿದೆ," ಎಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು.

ಪುಟ್ಟಿಯ ಪರೀಕ್ಷೆಯ ವರ್ಷ ಅಲ್ಲಿಗೆ ಮುಗಿಯಿತು. ಸೀಟು ಬದಲಾಯಿಸಿದ್ದು ಅವಳಿಗೋಸ್ಕರ, ಅದೂ ಅಪ್ಪಣೆಯಿಲ್ಲದೆ. ಆದ್ದರಿಂದ ಅವಳು ಇನ್ನು ಬಸ್ಸು ಮುಟ್ಟುವಂತಿಲ್ಲ ಎಂದು ಡಿಪೋದವರು ತೀರ್ಮಾನಿಸಿದರು. ಕನಿಕರವೆಂಬಂತೆ ಪಾಸು ಕೊಡುವ ಕಿಟಕಿಯಲ್ಲಿ ಕೆಲಸ ಕೊಟ್ಟರು. ಸೀಟನ್ನು ಹಳೆಯ ತೂತುಗಳಲ್ಲೇ ಮತ್ತೆ ಬಿಗಿದರು. ಅಳತೆಗೋಲು ಶೆಡ್ಡು ಬಿಟ್ಟರು. ಮೇಸ್ತ್ರಿಗೆ ತೊಂದರೆಯೇನೂ ಆಗಲಿಲ್ಲ. ಅಷ್ಟೇ ಉದ್ದ ಕಾಲಿನ ಇನ್ನೊಬ್ಬ ಸಿಕ್ಕಿದ.

ಕಳೆದ ತಿಂಗಳು ಪಾಸು ಮಾಡಿಸಲು ಹೋಗಿದ್ದೆ. ನಿಂತು ಕೆಲಸ ಮಾಡುವವರ ಎತ್ತರಕ್ಕೆ ಕಟ್ಟಿದ ಕಿಟಕಿ ಅದು. ಪುಟ್ಟಿ ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದಳು. ಪಕ್ಕದ ತೆರೆದ ಬಾಗಿಲಿನಿಂದ ಅವಳ ಕಾಲು ಕಾಣಿಸುತ್ತಿತ್ತು. ನೆಲಕ್ಕೆ ಎಟುಕದೆ ತೂಗಾಡುತ್ತಿತ್ತು. ಹೊರಗೆ ಗೋಡೆಯ ನೆರಳಿನಲ್ಲಿ ಅವಳ ತಂದೆ ಕಂಕುಳಲ್ಲಿ ಒಂದು ಹಲಗೆ ಅವುಚಿಕೊಂಡು ನಿಂತಿದ್ದರು.

"ಒಳಗೆ ಹೋಗಿ ಸ್ಟೂಲಿಗೆ ಹಲಗೆ ಹೊಡೆದು ಬರಬಾರದೆ?" ಎಂದು ಕೇಳಿದೆ.

"ಬೇಡ ಅಂತಾಳೆ ಮೇಷ್ಟ್ರೇ. ಇನ್ನು ಏನನ್ನೂ ಬದಲಾಯಿಸೋದು ಬೇಡಪ್ಪಾ, ಇದೊಂದು ಉಳಿದಿದೆ ಅಂತಾಳೆ."

ಅವರು ಹಲಗೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಒಳಗೆ ಪುಟ್ಟಿ ನನ್ನ ಪಾಸು ಬರೆದು ಕೊಟ್ಟಳು. ಹೆಸರು ಗೆರೆ ಬಿಟ್ಟು ಕೆಳಗಿಳಿದಿತ್ತು.