ಹ್ಯೂಸ್ಟನ್‌ನಲ್ಲಿ ಅಮ್ಮನ ಇಂಗ್ಲಿಷ್

ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿರುವ ನನ್ನ ತಂಗಿಯ ಮನೆಯಿಂದ ಹೊರಟಾಗ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ಮೈಸೂರಿನಿಂದ ಬಂದಿದ್ದ ನಾನು ಊರು ನೋಡಲು ಜೊತೆಗೆ ಹೊರಟಿದ್ದೆ; ಕಾರು ಓಡಿಸುತ್ತಿದ್ದವಳು ವಿಭಾ. ಹ್ಯೂಸ್ಟನ್‌ನಲ್ಲಿ ಹುಟ್ಟಿ ಬೆಳೆದವಳು, ನಾಟಕ ಮತ್ತು ಟಿ.ವಿ. ನಟಿ, ನಲವತ್ತರ ಹತ್ತಿರದ ವಯಸ್ಸು. ಡಲ್ಲಾಸ್‌ನಲ್ಲಿ ಒಂದು ನಾಟಕ ಮುಗಿಯುವವರೆಗೆ ತಂಗಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಮರುದಿನ ಆಸ್ಟಿನ್‌ನಲ್ಲಿ ಒಂದು ಧಾರಾವಾಹಿಯ ಆಡಿಷನ್ ಇತ್ತು. ಭಾರತದಿಂದ ಬಂದು ನೆಲೆಸಿದ ತಾಯಿಯ ಪಾತ್ರ, ಪ್ರತಿ ವಾರವೂ ಕೆಲಸ.

"ಇದೂ ಸಿಗಲಿಲ್ಲಂದ್ರ ಸಾಕು ಆಂಟಿ, ಆಕ್ಟಿಂಗ್ ಬಿಟ್ಟಬಿಡ್ತೀನಿ" ಎಂದಳು, ಮನೆಯಲ್ಲಿ ಕಲಿತ ಹುಬ್ಬಳ್ಳಿ ಕನ್ನಡದಲ್ಲಿ.

ಮೊದಲು ಹ್ಯೂಸ್ಟನ್‌ಗೆ, ಅವಳ ಅಮ್ಮನ ಮನೆಗೆ; ಇನ್ನೂರ ಅರವತ್ತು ಮೈಲಿ. ಎರಡೂ ಕಡೆ ಒಣ ಬಯಲು, ಜಾಹೀರಾತು ಫಲಕಗಳು. ಮೈಸೂರಿನಲ್ಲಿ ನಾಲ್ಕು ಹವ್ಯಾಸಿ ನಾಟಕ ಮಾಡಿದ್ದ ತಪ್ಪಿಗೆ ಎದುರು ಪಾತ್ರದ ಮಾತು ಓದುವ ಕೆಲಸ ನನ್ನ ತಲೆಗೆ ಬಿತ್ತು. ಭಾವ ತುಂಬಿ ಓದಿದೆ. "ನೀವು ಆಕ್ಟ್ ಮಾಡಬ್ಯಾಡ್ರಿ ಆಂಟಿ. ಸುಮ್ನ ಓದ್ರಿ, ಆಡಿಷನ್‌ದಾಗೂ ಹಂಗ ಓದ್ತಾರ" ಎಂದಳು. ನನಗೆ ಮುಖಭಂಗವೇ ಆಯಿತು. ದಾರಿಯಲ್ಲಿ ತಿಂದ ಬೀನ್ಸ್ ಟಾಕೋ ಬೇರೆ ಹೊಟ್ಟೆ ಕೆಡಿಸಿತು.

ವೇದಿಕೆಯ ಮೇಲೆ ವಿಭಾ ರಾಣಿಯಾಗಿದ್ದಾಳೆ, ಕೊಲೆಗಾರ್ತಿಯಾಗಿದ್ದಾಳೆ. ಟಿ.ವಿ.ಯಲ್ಲಿ ಸಿಕ್ಕಿದ್ದು ನರ್ಸ್, ಮೋಟೆಲ್ ಒಡತಿ, ಮತ್ತೆ ನರ್ಸ್. ಕ್ಯಾಮೆರಾ ಮುಂದೆ ನಿಂತರೆ ಸ್ವಲ್ಪ ಇಂಡಿಯನ್ ಥರ ಮಾತಾಡಿ ಎನ್ನುತ್ತಾರಂತೆ. ಆಗೆಲ್ಲ ಅವಳು ಚಿಕ್ಕಂದಿನಲ್ಲಿ ಕೇಳಿದ, ತನ್ನ ಅಮ್ಮನ ಹುಬ್ಬಳ್ಳಿ ಧಾಟಿಯ ಇಂಗ್ಲಿಷ್ ಮಾತಾಡುತ್ತಾಳೆ. ಆ ದನಿಯನ್ನು ಇನ್ನೊಮ್ಮೆ ಕಿವಿತುಂಬ ಕೇಳಿಸಿಕೊಳ್ಳಲೆಂದೇ ಹ್ಯೂಸ್ಟನ್ ಮೇಲಿಂದ ಸುತ್ತುಬಳಸಿ ಹೊರಟಿದ್ದೆವು.

ಅವಳ ಅಮ್ಮ ಶಾಂತಕ್ಕ ಹ್ಯೂಸ್ಟನ್ ಅಂಚಿನ ಮಿಸೌರಿ ಸಿಟಿ ಎಂಬ ಊರಿನಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾರೆ. "ಬರ್ರಿ ಬರ್ರಿ, ಬಿಸಲಾಗ ದಣದೀರಿ" ಎಂದು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಅಷ್ಟರಲ್ಲಿ ಹುಲ್ಲು ಕತ್ತರಿಸುವವನು ಬಾಗಿಲಿಗೆ ಬಂದ. ಶಾಂತಕ್ಕ ಒಂದೊಂದು ಪದವನ್ನೂ ಎಳೆದೆಳೆದು, ಅಪ್ಪಟ ಟೆಕ್ಸಸ್ ಅಜ್ಜಿಯ ಹಾಗೆ ಅವನೊಡನೆ ಇಂಗ್ಲಿಷ್ ಮಾತಾಡಿದರು. ವಿಭಾಳ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು. ತಾಯಿ ಮಗಳು ಫೋನಿನಲ್ಲಿ ಬರೀ ಕನ್ನಡ ಮಾತಾಡುವುದರಿಂದ ಅವಳಿಗೆ ಇದು ಗೊತ್ತೇ ಆಗಿರಲಿಲ್ಲ.

"ಅಮ್ಮಾ, ನಿನ್ನ ಇಂಗ್ಲಿಷ್ ಎಲ್ಲಿ ಹೋತು?"

"ಇಷ್ಟ ವರ್ಷ ಗಿರಾಕಿ ಜೋಡಿ ಮಾತಾಡಿದ್ರ ಮತ್ತೇನಾಗ್ತದವಾ" ಎಂದು ಶಾಂತಕ್ಕ ನಕ್ಕರು.

ಮರುದಿನ ಆಸ್ಟಿನ್‌ಗೆ ಮೂರು ಗಂಟೆಯ ದಾರಿ. ಆಡಿಷನ್ ಕೋಣೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಬಾಗಿಲು ತೆಳು, ಎಲ್ಲವೂ ಕೇಳುತ್ತಿತ್ತು. ವಿಭಾ ಮೊದಲು ನಾವು ಹಿಂದಿನ ದಿನ ಕೇಳಿದ್ದ ಶಾಂತಕ್ಕನ ಟೆಕ್ಸಸ್ ಧಾಟಿಯಲ್ಲೇ ಮಾಡಿದಳು. ಎಷ್ಟು ಚೆನ್ನಾಗಿತ್ತೆಂದರೆ ನಾನು ಆಯಾಸ ಮರೆತು ನೆಟ್ಟಗೆ ಕೂತೆ.

"ಚೆನ್ನಾಗಿದೆ. ಈಗ ನಿಜವಾದ ಇಂಡಿಯನ್ ಅಮ್ಮನ ಥರ ಮಾಡ್ತೀರಾ?" ಎಂದು ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಕೇಳಿದ.

 ಆಮೇಲೆ ಅವಳು ತಾನು ಇಷ್ಟು ವರ್ಷ ಮಾಡುತ್ತ ಬಂದ, ಅಮ್ಮನ ಹಳೆಯ ಇಂಗ್ಲಿಷ್ ಮಾತಾಡಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ರೋಲ್ ಸಿಕ್ತು ಆಂಟಿ, ಅಲ್ಲೇ ಹೇಳಿಬಿಟ್ರು" ಎಂದು ಹೊರಬಂದವಳ ಮುಖದಲ್ಲಿ ಸಂತೋಷದ ಸುಳಿವಿರಲಿಲ್ಲ. ಕಾರು ಡಲ್ಲಾಸ್ ದಾರಿ ಹಿಡಿಯಿತು. ಶಾಂತಕ್ಕನ ಫೋನ್ ಕಾರಿನ ಸ್ಪೀಕರ್‌ನಲ್ಲಿ ಬಂತು.

"ಹೆಂಗಾತವಾ?"

"ಸಿಕ್ತಮ್ಮ. ನಿನ್ನಂಗ ಮಾತಾಡಿದೆ."

"ಯಾವ ನನ್ನಂಗ? ಈಗಿನಂಗೋ, ಆಗಿನಂಗೋ?"

"ಆಗಿನಂಗ. ಭಾಳ ನಕ್ಕರು."

 "ಆವಾಗೂ ನನ್ನ ಇಂಗ್ಲಿಷ್ ಕೇಳಿ ಮಂದಿ ನಗ್ತಿದ್ರಲ್ಲವಾ" ಎಂದರು ಶಾಂತಕ್ಕ. "ಅದಕ್ಕ ನೀ ಸಣ್ಣಾಕಿ ಇದ್ದಾಗ, ಹೋದಲ್ಲೆಲ್ಲಾ ನನಗ ಬಾಯಿ ಬಿಡಾಕ ಬಿಡದ ನೀನ ಮಾತಾಡ್ತಿದ್ದಿ."