ಹೆಣ್ಣೊಪ್ಪಿಸುವ ಹೊತ್ತಿಗೇ ನಿಲ್ಲುವ ಡಿಸ್ಕು

ಕಳಪೆ ಡಿವಿಡಿ ಡಿಸ್ಕು ಮದುವೆ ವಿಡಿಯೋದ ಆರಂಭವನ್ನು ಹಾಳುಮಾಡುವುದೇ ಇಲ್ಲ. ಅದೇ ಅದರ ಕಿಡಿಗೇಡಿತನ. ಡಿಸ್ಕಿನ ಮೇಲೆ ವಿಡಿಯೋ ಬರೆಯುತ್ತಾ ಹೋಗುವುದು ನಡುವಿನಿಂದ ಅಂಚಿನ ಕಡೆಗೆ. ಕಳಪೆ ಮಾಲಿನಲ್ಲಿ ಮೊದಲು ಕೈಕೊಡುವುದು ಆ ಅಂಚು. ಅಲ್ಲಿರುವುದು ಮದುವೆಯ ಕೊನೆ. ನಮ್ಮಲ್ಲಿ ಹೆಣ್ಣೊಪ್ಪಿಸುವುದು, ಮುಸ್ಲಿಮರಲ್ಲಿ ರುಖ್ಸತಿ. ಊಟದ ಸಾಲು, ಸ್ಟೇಜಿನ ಮೇಲೆ ಕೈಕುಲುಕುವ ನೆಂಟರು, ಎಲ್ಲ ಚೆನ್ನಾಗಿ ಓಡುತ್ತದೆ. ಜನ ಯಾವುದಕ್ಕಾಗಿ ಡಿಸ್ಕನ್ನು ಎತ್ತಿಟ್ಟುಕೊಂಡಿರುತ್ತಾರೋ ಅದೇ ನಿಂತುಹೋಗುತ್ತದೆ.

ಹಲಸೂರಿನಲ್ಲಿ ನಾನೂ ನನ್ನ ಹೆಂಡತಿಯ ತಮ್ಮನೂ ಸೇರಿ ಮದುವೆ ವಿಡಿಯೋ ಮಾಡಿಕೊಡುತ್ತಿದ್ದೆವು. ಶೂಟಿಂಗಿಗೆ ಕೂಲಿಯ ಕ್ಯಾಮೆರಾಮನ್, ಎಡಿಟಿಂಗ್ ನನ್ನದು, ವ್ಯವಹಾರ ಅವನದು. ಅವನ ಖರ್ಚೆಲ್ಲ ಹೊರಗಿನದಕ್ಕೆ: ಮಖಮಲ್ಲಿನ ಡಬ್ಬಿ, ಅದರ ಮೇಲೆ ಜೋಡಿಯ ಫೋಟೋ, ಡಿಸ್ಕಿನ ಮೇಲೂ ಗುಲಾಬಿ ಹೂವಿನ ಸ್ಟಿಕ್ಕರ್. ಒಳಗಿನ ಡಿಸ್ಕು ಮಾತ್ರ ಶಿವಾಜಿನಗರದ ಯಾವುದೋ ಗಲ್ಲಿಯಿಂದ ಕಟ್ಟುಗಟ್ಟಲೆ ತಂದ, ಹೆಸರೂ ಇಲ್ಲದ ಮಾಲು. ಬೆಳಕಿಗೆ ಹಿಡಿದರೆ ಬಣ್ಣ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಒಳ್ಳೆಯ ಡಿಸ್ಕು ತಾ, ನಿಧಾನವಾಗಿ ಬರಿ, ಬರೆದ ಮೇಲೆ ಕೊನೆಯವರೆಗೂ ಓಡಿಸಿ ನೋಡು, ಸ್ಟಿಕ್ಕರ್ ಅಂಟಿಸಿದರೆ ತಿರುಗುವಾಗ ಅದುರುತ್ತದೆ ಎಂದು ಬಾಯಿ ನೋಯುವಷ್ಟು ಹೇಳಿದ್ದೆ.

"ಪೂರ್ತಿ ಯಾರ್ ನೋಡ್ತಾರೆ ಭಾವ? ಡಬ್ಬಿ ನೋಡಿ ಖುಷಿ ಪಟ್ಕೊಂಡ್ ಹೋಗ್ತಾರೆ," ಎನ್ನುತ್ತಿದ್ದ.

ಡಿಸ್ಕು ಕೊಟ್ಟ ಮೇಲೆ ಕಂಪ್ಯೂಟರಿನಿಂದ ಫೈಲು ಅಳಿಸಿ, ಕ್ಯಾಮೆರಾದ ಟೇಪಿನ ಮೇಲೆ ಮುಂದಿನ ಮದುವೆ ತುಂಬುವುದು ಕಸುಬಿನ ರೂಢಿ. ಡಿಸ್ಕು ಹೋದರೆ ಬೇರೆಲ್ಲೂ ಏನೂ ಉಳಿದಿರುವುದಿಲ್ಲ. ಇದು ಗೊತ್ತಿದ್ದೂ ಕಳಪೆ ಡಿಸ್ಕನ್ನೇ ಕೊಡುತ್ತಿದ್ದನಲ್ಲ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಒಂದು ದಿನ ಫ್ರೇಜರ್ ಟೌನಿನ ಹೆಣ್ಣುಮಗಳೊಬ್ಬಳು, ಹಿಂದೆ ನಾವೇ ಕೊಟ್ಟಿದ್ದ ಡಬ್ಬಿಯನ್ನು ಎದೆಗವಚಿಕೊಂಡು ಬಂದಳು. ಅವಳ ತಂದೆ ಆಗಷ್ಟೇ ತೀರಿಕೊಂಡಿದ್ದರು.

"ಇಷ್ಟ್ ವರ್ಷ ಕೊನೆವರೆಗೂ ಕೂತು ನೋಡೇ ಇರ್ಲಿಲ್ಲ ರೀ. ಈಗ ಹಾಕಿದ್ರೆ, ಕಾರ್ ಹತ್ರ ಅಬ್ಬಾ ಬರ್ತಾರೆ, ಕೈ ಎತ್ತಾರೆ, ಮುಖ ಕಾಣೋಕ್ ಮೊದ್ಲೇ ನಿಂತೋಗುತ್ತೆ. ಅವತ್ತು ನಾನು ದುಪಟ್ಟಾ ಒಳಗೆ ತಲೆ ಬಗ್ಗಿಸ್ಕೊಂಡಿದ್ದೆ, ಏನೂ ನೋಡ್ಲಿಲ್ಲ."

ಇದ್ದಬದ್ದ ಪ್ಲೇಯರುಗಳಲ್ಲೆಲ್ಲ ಹಾಕಿ ನೋಡಿದೆ. ಅಂಚು ಒರೆಸಿದೆ, ಸ್ಟಿಕ್ಕರ್ ಕಿತ್ತು ನೋಡಿದೆ. ಪ್ರತಿ ಸಲವೂ ಎತ್ತಿದ ಕೈ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಭಾಮೈದ ನಾಚಿಕೆಯಿಲ್ಲದೆ, "ಹೊಸ ಡಬ್ಬಿ ಹಾಕ್ಕೊಡ್ತೀನಿ ಮೇಡಂ," ಎಂದ. ಕೆನ್ನೆಗೆ ಬಾರಿಸಬೇಕೆನಿಸಿತು.

ಅವಳು ಡಬ್ಬಿಯ ಮಾತನ್ನು ಕೇಳಿಸಿಕೊಳ್ಳದೆ ನನ್ನ ಕಡೆ ತಿರುಗಿದಳು. "ಮಾಡ್ದೋರು ನೀವೇ ಅಲ್ವಾ? ನೀವಾದ್ರೂ ನೋಡಿರ್ತೀರ. ಆವಾಗ ಅಬ್ಬಾ ಹೆಂಗಿದ್ರು?"

ಎಷ್ಟೋ ಮದುವೆಗಳನ್ನು ಎಡಿಟ್ ಮಾಡಿದ ನನಗೆ ಆ ಮುಖ ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ಭಾಮೈದನಿಗೆ ಆ ತೊಂದರೆಯೇ ಇರಲಿಲ್ಲ. "ತುಂಬಾ ಅತ್ಬಿಟ್ರು ಮೇಡಂ, ನಾನೇ ನೋಡ್ದೆ," ಎಂದ. ಅವನು ಆ ಮದುವೆಗೆ ಹೋಗಿರಲಿಲ್ಲ, ಆ ವಿಡಿಯೋವನ್ನೂ ನೋಡಿರಲಿಲ್ಲ.

ಅವಳು ಡಬ್ಬಿಯನ್ನು ಮತ್ತೆ ಎದೆಗವಚಿಕೊಂಡಳು.

"ನಮ್ಮಬ್ಬಾ ಯಾರ್ ಮುಂದೇನೂ ಅಳೋರಲ್ಲ ರೀ," ಎಂದಳು. "ಅವತ್ತೊಂದಿನ ಅತ್ತಿದ್ರಾ ಅಂತ ನೋಡ್ಬೇಕಿತ್ತು, ಅಷ್ಟೇ."